ಜಿಎಲ್‌ಪಿಐ ಪ್ರಾಬ್ಲಮ್ ಮಾಡ್ಯೂಲ್: ಮತ್ತೆ ಮತ್ತೆ ಬರುವ ಟಿಕೆಟ್‌ಗೆ ಇದು ಸಾಕೇ?

ಸಂಸ್ಥೆಯ ಐಟಿ ಸಾಮಗ್ರಿ ಮತ್ತು ದೂರುಗಳನ್ನು ನೋಡಿಕೊಳ್ಳುವ ತಂತ್ರಾಂಶ ಜಿಎಲ್‌ಪಿಐ. ಅದನ್ನು ಹಾಕಿಸಿಕೊಳ್ಳುವುದು ಸಾಮಾನ್ಯವಾಗಿ ಕಂಪ್ಯೂಟರು, ಪ್ರಿಂಟರುಗಳ ಲೆಕ್ಕ ಇಡಲಿಕ್ಕೆ. ಆಮೇಲೆ ಟಿಕೆಟ್, ಅಂದರೆ ಬಳಕೆದಾರರ ದೂರಿನ ದಾಖಲೆ, ಶುರುವಾಗುತ್ತದೆ. ಅಸಿಸ್ಟೆನ್ಸ್ ಮೆನುವಿನಲ್ಲಿ ಟಿಕೆಟ್ಸ್ ಜೊತೆಯಲ್ಲೇ ಇರುವ ಪ್ರಾಬ್ಲಮ್ಸ್ ಮಾತ್ರ ವರ್ಷಗಟ್ಟಲೆ ಖಾಲಿ ಬಿದ್ದಿರುತ್ತದೆ. ಈ ವಿಮರ್ಶೆ ಅದೊಂದರ ಬಗ್ಗೆ. ವಾರವಾರವೂ ಅದೇ ದೂರು ಬರುವ ಕಡೆ ಈ ಮಾಡ್ಯೂಲ್‌ನಿಂದ ಕೆಲಸ ಆಗುತ್ತದೆಯೇ, ಎಲ್ಲಿ ಕೈಕೊಡುತ್ತದೆ, ಕೈಕೊಟ್ಟಲ್ಲಿ ಏನು ಮಾಡಬೇಕು ಎಂಬಷ್ಟಕ್ಕೇ ಸೀಮಿತ. ಹೇಳಿರುವುದೆಲ್ಲ ಜಿಎಲ್‌ಪಿಐ ಆವೃತ್ತಿ 10ರ ಸರಣಿಗೆ ಅನ್ವಯ.

ತೀರ್ಪನ್ನು ಮೊದಲೇ ಹೇಳಿಬಿಡುವುದು ವಾಸಿ. ನಾಲ್ಕೈದು ಜನ ಟೆಕ್ನಿಷಿಯನ್‌ಗಳಿರುವ ಕಾಲೇಜು, ಆಸ್ಪತ್ರೆ, ಸಹಕಾರಿ ಬ್ಯಾಂಕು, ಮಧ್ಯಮ ಗಾತ್ರದ ಕಾರ್ಖಾನೆ ಇಂಥ ಕಡೆಗೆ ಇದು ಧಾರಾಳವಾಗಿ ಸಾಕು. ಪ್ರಾಬ್ಲಮ್ ದಾಖಲಾದ ಮೇಲೆ ಅದನ್ನು ಹಿಡಿದಿಡುವ ಏರ್ಪಾಡು ಗಟ್ಟಿಯಾಗಿದೆ. ಆದರೆ ಇಲ್ಲೊಂದು ಪ್ರಾಬ್ಲಮ್ ಹುಟ್ಟಿದೆ ಎಂದು ಅದಾಗಿ ಹೇಳುವುದಿಲ್ಲ. ಪತ್ತೆಯ ಕೆಲಸ ನಿಮ್ಮ ತಲೆಯ ಮೇಲೇ. ಅದಕ್ಕೊಂದು ಉಪಾಯ ಒಳಗೇ ಇದೆ, ಮುಂದೆ ಹೇಳುತ್ತೇವೆ. ತಂತ್ರಾಂಶ ಮುಕ್ತ, ಜಿಪಿಎಲ್ ಪರವಾನಗಿಯದು, ಹಿಂದಿರುವುದು ಫ್ರಾನ್ಸ್‌ನ ಟೆಕ್ಲಿಬ್. ಸ್ವಂತ ಸರ್ವರ್‌ನಲ್ಲಿ ಹಾಕಿಕೊಂಡರೆ ಲೈಸೆನ್ಸ್ ಖರ್ಚಿಲ್ಲ, ನೋಡಿಕೊಳ್ಳಲು ಲಿನಕ್ಸ್ ಮತ್ತು ಮಾರಿಯಾಡಿಬಿ ಡೇಟಾಬೇಸ್ ಬಲ್ಲ ಒಬ್ಬರಾದರೂ ಬೇಕು.

ಇನ್ಸಿಡೆಂಟ್ ಮತ್ತು ಪ್ರಾಬ್ಲಮ್ ನಡುವಿನ ಗೆರೆ ಈ ಕ್ಷೇತ್ರದವರಿಗೆ ಗೊತ್ತಿರುವುದೇ. ಬಳಕೆದಾರರ ಕೆಲಸ ನಿಲ್ಲುವುದು ಇನ್ಸಿಡೆಂಟ್, ಅದು ಬೇಗ ಮತ್ತೆ ನಡೆಯುವಂತೆ ಮಾಡುವುದು ಇನ್ಸಿಡೆಂಟ್ ನಿರ್ವಹಣೆ. ಅಂಥ ಒಂದೋ ಹಲವೋ ಇನ್ಸಿಡೆಂಟ್‌ಗಳ ಹಿಂದಿನ ಕಾರಣ, ಅಥವಾ ಕಾರಣ ಇರಬಹುದಾದದ್ದು, ಪ್ರಾಬ್ಲಮ್. 2019ರಲ್ಲಿ ಬಂದ ಐಟಿಐಎಲ್ 4, ಅಂದರೆ ಐಟಿ ಸೇವೆ ನಡೆಸುವ ಪದ್ಧತಿಗಳ ಮಾರ್ಗದರ್ಶಿ, ಇದನ್ನು ಗುರುತಿಸುವುದು, ಕಾರಣ ಹುಡುಕಿ ವರ್ಕ್‌ಅರೌಂಡ್ (ತಾತ್ಕಾಲಿಕ ಉಪಾಯ) ಬರೆದಿಡುವುದು, ಗೊತ್ತಾದ ದೋಷವನ್ನು ನಿಭಾಯಿಸುವುದು ಎಂದು ಮೂರು ಹಂತ ಮಾಡುತ್ತದೆ. ಜಿಎಲ್‌ಪಿಐಯನ್ನು ಈ ಮೂರರ ಎದುರು ಇಟ್ಟು ನೋಡಿದರೆ ಎರಡನೆಯದರಲ್ಲಿ ಒಂದೆರಡು ಕೊರತೆ ಬಿಟ್ಟರೆ ಚೆನ್ನಾಗಿದೆ, ಮೂರನೆಯದರಲ್ಲಿ ಪರವಾಗಿಲ್ಲ, ಮೊದಲನೆಯದರಲ್ಲಿ ಸೋತಿದೆ.

ಪ್ರಾಬ್ಲಮ್ ತೆರೆಯಲು ಎರಡು ದಾರಿ. ಯಾವುದಾದರೂ ಟಿಕೆಟ್ ಒಳಗೆ ಪ್ರಾಬ್ಲಮ್ಸ್ ಟ್ಯಾಬ್‌ಗೆ ಹೋಗಿ ಅಲ್ಲಿಂದಲೇ ಹೊಸತು ಮಾಡಬಹುದು. ಶೀರ್ಷಿಕೆ, ವಿವರಣೆ, ಕ್ಯಾಟಗರಿ, ಅರ್ಜೆನ್ಸಿ, ಇಂಪ್ಯಾಕ್ಟ್ ಟಿಕೆಟ್‌ನಿಂದಲೇ ತುಂಬಿಕೊಂಡು ಬರುತ್ತವೆ. ಬಂದ ಶೀರ್ಷಿಕೆಯನ್ನು ಹಾಗೇ ಬಿಡಬೇಡಿ. 'ಸರ್ ನೆಟ್ ಬರ್ತಿಲ್ಲ ಅರ್ಜೆಂಟ್' ಎಂಬ ಹೆಸರಿನ ಪ್ರಾಬ್ಲಮ್ ಮೂರು ತಿಂಗಳ ನಂತರ ಹುಡುಕಿದರೆ ಸಿಗುವುದಿಲ್ಲ. ಎಲ್ಲಿ, ಏನು, ಯಾವಾಗ ಈ ಮೂರು ಶೀರ್ಷಿಕೆಯಲ್ಲೇ ಇರಲಿ. ಇನ್ನೊಂದು ದಾರಿ: ಟಿಕೆಟ್ ಪಟ್ಟಿಯಲ್ಲಿ ಹತ್ತಿಪ್ಪತ್ತನ್ನು ಟಿಕ್ ಮಾಡಿ, ಆಕ್ಷನ್ಸ್ ಒಳಗೆ ಲಿಂಕ್ ಟು ಎ ಪ್ರಾಬ್ಲಮ್ ಒತ್ತಿ, ಆಗಲೇ ಇರುವ ಪ್ರಾಬ್ಲಮ್‌ಗೆ ಒಟ್ಟಿಗೆ ಕಟ್ಟುವುದು. ಹಳೆಯ ಟಿಕೆಟ್‌ಗಳನ್ನು ಹಿಂದಕ್ಕೆ ಹೋಗಿ ಜೋಡಿಸಲು ಇದಕ್ಕಿಂತ ಸಲೀಸು ಯಾವುದೂ ಇಲ್ಲ.

ಹಲವರು ಇಲ್ಲಿ ಅಡ್ಡದಾರಿ ಹಿಡಿಯುತ್ತಾರೆ. ಪ್ರಾಬ್ಲಮ್ ತೆರೆಯುವ ಬದಲು ಮೊದಲ ಟಿಕೆಟ್ಟನ್ನೇ ಮುಖ್ಯವಾಗಿಟ್ಟು ಉಳಿದವನ್ನು ಅದರ ಡ್ಯೂಪ್ಲಿಕೇಟ್ ಎಂದು ಲಿಂಕ್ ಮಾಡುತ್ತಾರೆ. ಒಂದೇ ಬೆಳಗ್ಗೆ ಒಂದೇ ಸ್ವಿಚ್ ಸತ್ತು ಮೂವತ್ತು ಜನ ದೂರಿದಾಗ ಅದು ಸರಿಯೇ. ವಾರ ಬಿಟ್ಟು ವಾರ ಬರುವ ದೂರಿಗೆ ಸರಿಯಲ್ಲ, ಏಕೆಂದರೆ ಮುಖ್ಯ ಟಿಕೆಟ್ ಸಾಲ್ವ್ ಆದಾಗ ಡ್ಯೂಪ್ಲಿಕೇಟ್‌ಗಳೂ ಅದರೊಂದಿಗೆ ಸಾಲ್ವ್ ಆಗುತ್ತವೆ, ಕಾರಣ ಸಿಗುವ ಮೊದಲೇ ಕಡತ ಮುಚ್ಚಿಹೋಗುತ್ತದೆ. ಮುಂದಿನ ವಾರ ಹಾಡಿದ್ದೇ ಹಾಡೋ ಕಿಸಬಾಯಿ ದಾಸ.

ಈಗ ಪತ್ತೆಯ ವಿಷಯ. 'ಇಂಥ ದೂರು ಏಳು ದಿನದಲ್ಲಿ ಐದು ಸಲ ಬಂದರೆ ತಾನೇ ಪ್ರಾಬ್ಲಮ್ ತೆರೆ' ಎನ್ನುವ ನಿಯಮ ಜಿಎಲ್‌ಪಿಐಯಲ್ಲಿ ಬರೆಯಲು ಬರುವುದಿಲ್ಲ. ಸ್ಟಾಟಿಸ್ಟಿಕ್ಸ್ ಒಳಗೆ ಟಿಕೆಟ್‌ಗಳನ್ನು ಹಾರ್ಡ್‌ವೇರ್‌ವಾರು ಎಣಿಸಿ ತೋರಿಸುವ ಪುಟವಿದೆ, ಯಾವ ಪ್ರಿಂಟರ್ ಹೆಚ್ಚು ಕಾಡುತ್ತಿದೆ ಎಂಬುದು ಅಲ್ಲಿ ಕಾಣುತ್ತದೆ. ಆದರೆ ಯಾರಾದರೂ ತೆರೆದು ನೋಡಿದರೆ ತಾನೇ. ಕೆಲಸಕ್ಕೆ ಬರುವುದು ಸೇವ್ಡ್ ಸರ್ಚ್ ಅಲರ್ಟ್, ಅಂದರೆ ಉಳಿಸಿಟ್ಟ ಹುಡುಕಾಟದ ಮೇಲಿನ ಎಚ್ಚರಿಕೆ. ಟಿಕೆಟ್ ಹುಡುಕಾಟದಲ್ಲಿ ಕ್ಯಾಟಗರಿ ಇಂಥದ್ದು, ಓಪನಿಂಗ್ ಡೇಟ್ ಕಳೆದ 7 ದಿನದ ಈಚಿನದು ಎಂದು ಎರಡು ಷರತ್ತು ಹಾಕಿ ಸೇವ್ ಮಾಡಿ. ದಿನಾಂಕವನ್ನು ಕ್ಯಾಲೆಂಡರ್‌ನಿಂದ ಆರಿಸದೆ, ಇಂದಿನಿಂದ ಇಷ್ಟು ದಿನ ಹಿಂದೆ ಎಂಬ ಆಯ್ಕೆಯನ್ನೇ ಆರಿಸಿ. ಇಲ್ಲದಿದ್ದರೆ ಹುಡುಕಾಟ ಆ ದಿನಕ್ಕೇ ಅಂಟಿಕೊಂಡುಬಿಡುತ್ತದೆ. ಸೇವ್ ಆದ ಹುಡುಕಾಟವನ್ನು ತೆರೆದು ಅಲರ್ಟ್ ಟ್ಯಾಬ್‌ನಲ್ಲಿ ಗ್ರೇಟರ್ ಆರ್ ಈಕ್ವಲ್, ಮೌಲ್ಯ 5 ಎಂದು ಕೊಡಿ. ಸಂಖ್ಯೆ ಮುಟ್ಟಿದ ದಿನ ಮೇಲ್ ಬರುತ್ತದೆ.

ಮೇಲ್ ಬರದಿದ್ದರೆ ಮೂರು ಕಡೆ ನೋಡಿ. ನೋಟಿಫಿಕೇಷನ್ ವ್ಯವಸ್ಥೆ ಒಟ್ಟಾರೆ ಚಾಲೂ ಇದೆಯೇ, ಆ ಅಲರ್ಟ್‌ಗೆ ಸಂಬಂಧಿಸಿದ ನೋಟಿಫಿಕೇಷನ್ ಇದೆಯೇ, ತಾನಾಗಿ ಓಡುವ ಕೆಲಸಗಳ ಪಟ್ಟಿಯಾದ ಆಟೊಮ್ಯಾಟಿಕ್ ಆಕ್ಷನ್ಸ್‌ನಲ್ಲಿ ಸೇವ್ಡ್ ಸರ್ಚ್ ಅಲರ್ಟ್‌ನ ಕೆಲಸ ಡಿಸೇಬಲ್ ಆಗಿ ಕೂತಿದೆಯೇ. ಆ ಆಟೊಮ್ಯಾಟಿಕ್ ಆಕ್ಷನ್ ಓಡುವ ರೀತಿಯೂ ಮುಖ್ಯ. ಜಿಎಲ್‌ಪಿಐ ಮೋಡ್‌ನಲ್ಲಿಟ್ಟರೆ ಯಾರಾದರೂ ಪುಟ ತೆರೆದಾಗ ಮಾತ್ರ ಅದು ಎಚ್ಚರಗೊಳ್ಳುತ್ತದೆ, ಭಾನುವಾರ ಪೂರ್ತಿ ಮಲಗಿರುತ್ತದೆ. ಸರ್ವರ್‌ನ ಕ್ರಾನ್‌ನಿಂದ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ವ್ಯವಸ್ಥೆ) ನಿಮಿಷಕ್ಕೊಮ್ಮೆ ಓಡುವ ಹಾಗೆ ಸಿಎಲ್‌ಐ ಮೋಡ್‌ಗೆ ಬದಲಿಸಿ. ಒಂದು ಹುಡುಕಾಟಕ್ಕೆ ಒಂದು ಕ್ಯಾಟಗರಿ ಎಂಬ ಲೆಕ್ಕದಲ್ಲಿ ಎಂಟು ಹತ್ತು ಅಲರ್ಟ್ ಬೇಕಾಗುತ್ತವೆ. ಬೇಸರದ ಕೆಲಸ ನಿಜ, ಆದರೆ ಒಂದೇ ಸಲ.

ಇದೆಲ್ಲ ನಿಲ್ಲುವುದು ಕ್ಯಾಟಗರಿಯ ಮೇಲೆ. ಟಿಕೆಟ್‌ನ ಕ್ಯಾಟಗರಿ ಬಳಕೆದಾರರಿಗೆ ಕಂಡ ಲಕ್ಷಣವನ್ನು ಹೇಳಬೇಕು, ಟೆಕ್ನಿಷಿಯನ್ ಊಹಿಸಿದ ಕಾರಣವನ್ನಲ್ಲ. 'ನೆಟ್‌ವರ್ಕ್, ವೈಫೈ, ಕನೆಕ್ಟ್ ಆಗಿದೆ ಆದರೆ ಇಂಟರ್ನೆಟ್ ಇಲ್ಲ' ಎಂಬುದು ಒಳ್ಳೆಯ ಕ್ಯಾಟಗರಿ. 'ಡಿಎಚ್‌ಸಿಪಿ' (ಯಂತ್ರಗಳಿಗೆ ಐಪಿ ವಿಳಾಸ ಹಂಚುವ ವ್ಯವಸ್ಥೆ) ಕೆಟ್ಟ ಕ್ಯಾಟಗರಿ. ಅದನ್ನು ಆರಿಸಬೇಕಾದರೆ ಉತ್ತರ ಮೊದಲೇ ಗೊತ್ತಿರಬೇಕು. 'ಇತರೆ' ಇದ್ದರೆ ಅರ್ಧ ಟಿಕೆಟ್ ಅಲ್ಲಿಗೇ ಹೋಗುತ್ತವೆ, ತೆಗೆದುಹಾಕಿ. ಪ್ರತಿ ಕ್ಯಾಟಗರಿಯಲ್ಲೂ ಇನ್ಸಿಡೆಂಟ್, ರಿಕ್ವೆಸ್ಟ್, ಪ್ರಾಬ್ಲಮ್, ಚೇಂಜ್ (ಯೋಜಿಸಿ ಮಾಡುವ ಬದಲಾವಣೆಯ ದಾಖಲೆ) ಯಾವುದರಲ್ಲಿ ಕಾಣಿಸಬೇಕು ಎಂಬ ಹೌದು-ಇಲ್ಲ ಇರುತ್ತದೆ. ಪ್ರಾಬ್ಲಮ್‌ಗೆ ಇಲ್ಲ ಎಂದಿದ್ದರೆ ಪ್ರಾಬ್ಲಮ್ ಫಾರಂನಲ್ಲಿ ಆ ಕ್ಯಾಟಗರಿ ಸಿಗುವುದಿಲ್ಲ, ತಂತ್ರಾಂಶ ಕೆಟ್ಟಿದೆ ಅನ್ನಿಸುತ್ತದೆ.

ಟಿಕೆಟ್ ಹೇಗೆ ಬಗೆಹರಿಯಿತು ಎಂದು ಹೇಳುವ ಸೊಲ್ಯೂಷನ್ ಟೈಪ್‌ಗೂ ಸ್ವಲ್ಪ ಗಮನ ಕೊಡಿ. ಡ್ರಾಪ್‌ಡೌನ್ ಸೆಟಪ್‌ಗೆ ಹೋಗಿ 'ತಾತ್ಕಾಲಿಕ: ರೀಸ್ಟಾರ್ಟ್' ಎಂದೊಂದು ಹೊಸತು ಸೇರಿಸಿ. ಏನೇ ಆದರೂ ಆಫ್ ಮಾಡಿ ಆನ್ ಮಾಡಿ ಮುಗಿಸಿದ್ದನ್ನೆಲ್ಲ ಅದರಡಿ ಹಾಕಲು ಹೇಳಿ, ಬೈಗುಳ ಬೇಡ. ತಿಂಗಳ ಕೊನೆಗೆ ಆ ಟೈಪ್‌ನ ಟಿಕೆಟ್‌ಗಳನ್ನು ಕ್ಯಾಟಗರಿವಾರು ಜೋಡಿಸಿದರೆ ಪ್ರಾಬ್ಲಮ್‌ಗಳ ಪಟ್ಟಿ ತಾನಾಗಿ ಎದುರಿಗೆ ಬರುತ್ತದೆ. ರೀಸ್ಟಾರ್ಟ್ ಒತ್ತುವ ಮೊದಲು ಲಾಗ್ ತೆಗೆದಿಟ್ಟುಕೊಳ್ಳುವ ಅಭ್ಯಾಸವನ್ನೂ ಇದರ ಜೊತೆಗೇ ಹಾಕಿಸಬೇಕು, ಏಕೆಂದರೆ ರೀಸ್ಟಾರ್ಟ್ ಜೊತೆ ಮೆಮೊರಿಯಲ್ಲಿದ್ದ ಸಾಕ್ಷ್ಯವೂ ಹೋಗುತ್ತದೆ.

ಒಂದು ಉದಾಹರಣೆಯನ್ನು ಕೊನೆಯವರೆಗೂ ನಡೆಸಿ ನೋಡೋಣ. ಒಂದು ಕಾಲೇಜು. ವೈಫೈ ಸಿಗ್ನಲ್ ಪೂರ್ತಿ ಇದೆ, ಇಂಟರ್ನೆಟ್ ಇಲ್ಲ ಎಂಬ ದೂರು ಬುಧವಾರದಿಂದಾಚೆ ಜಾಸ್ತಿ, ಸೋಮವಾರ ಕಡಿಮೆ. ಟೆಕ್ನಿಷಿಯನ್ ಬಂದು ವೈಫೈ ಕೊಡುವ ಪೆಟ್ಟಿಗೆಯಾದ ಆಕ್ಸೆಸ್ ಪಾಯಿಂಟ್ ರೀಸ್ಟಾರ್ಟ್ ಮಾಡುತ್ತಾರೆ, ಕೆಲವರಿಗೆ ಸರಿಹೋಗುತ್ತದೆ, ಟಿಕೆಟ್ ಮುಚ್ಚುತ್ತದೆ. ಇದಕ್ಕೊಂದು ಪ್ರಾಬ್ಲಮ್ ತೆರೆದಾಗ ಅದರ ಅನಾಲಿಸಿಸ್ ಟ್ಯಾಬ್‌ನ ಸಿಂಪ್ಟಮ್ಸ್ (ಲಕ್ಷಣಗಳು) ಪೆಟ್ಟಿಗೆಗೆ ಹೋಗಬೇಕಾದದ್ದು: ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ವಿಳಾಸ 169.254ರಿಂದ ಶುರುವಾಗುತ್ತಿದೆ, ಫೋನ್‌ಗಳು ಐಪಿ ವಿಳಾಸ ಪಡೆಯುವ ಹಂತದಲ್ಲೇ ನಿಲ್ಲುತ್ತಿವೆ, ತಂತಿ ಹಾಕಿದ ಕಂಪ್ಯೂಟರ್‌ಗಳಿಗೆ ತೊಂದರೆ ಇಲ್ಲ. 169.254 ಎಂದರೆ ಡಿಎಚ್‌ಸಿಪಿ ಸರ್ವರ್ ವಿಳಾಸ ಕೊಟ್ಟಿಲ್ಲ, ಯಂತ್ರ ತಾನೇ ಒಂದು ಇಟ್ಟುಕೊಂಡಿದೆ ಎಂದರ್ಥ. ಇಷ್ಟು ಬರೆದರೆ ಆಕ್ಸೆಸ್ ಪಾಯಿಂಟ್ ಮೇಲಿನ ಅನುಮಾನ ಅರ್ಧ ಕಳೆಯುತ್ತದೆ.

ಕಾಸಸ್ (ಕಾರಣಗಳು) ಪೆಟ್ಟಿಗೆಗೆ ಸಾಕ್ಷ್ಯ ಬೇಕು. ವಿಂಡೋಸ್ ಸರ್ವರ್‌ನ ಡಿಎಚ್‌ಸಿಪಿ ಆಡಿಟ್ ಲಾಗ್‌ನಲ್ಲಿ 14 ಎಂಬ ಸಂಖ್ಯೆಯ ಸಾಲು ಕಂಡರೆ, ಸ್ಕೋಪ್‌ನಲ್ಲಿ, ಅಂದರೆ ಹಂಚಲು ಇಟ್ಟ ವಿಳಾಸಗಳ ಗುಂಪಿನಲ್ಲಿ, ಕೊಡಲು ವಿಳಾಸ ಉಳಿದಿಲ್ಲ ಎಂದು. ಆ ಲಾಗ್ ವಾರದ ದಿನಕ್ಕೊಂದು ಕಡತವಾಗಿ ಬರೆಯಲ್ಪಡುತ್ತದೆ. ಮುಂದಿನ ಬುಧವಾರ ಬಂದಾಗ ಈ ಬುಧವಾರದ ಕಡತದ ಮೇಲೇ ಹೊಸತು ಬರೆಯುತ್ತದೆ. ಆದ್ದರಿಂದ ಅದೇ ದಿನ ನಕಲು ತೆಗೆದು ಪ್ರಾಬ್ಲಮ್‌ನ ಡಾಕ್ಯುಮೆಂಟ್ಸ್‌ಗೆ ಸೇರಿಸಬೇಕು. ಇನ್ನು ಲೆಕ್ಕ: ಸ್ಲ್ಯಾಶ್ 24 ಎಂಬ ಗಾತ್ರದ ಸ್ಕೋಪ್‌ನಲ್ಲಿ ಬಳಸಲು 254 ವಿಳಾಸ. ಗೇಟ್‌ವೇ, ಪ್ರಿಂಟರ್, ಆಕ್ಸೆಸ್ ಪಾಯಿಂಟ್‌ಗೆಂದು 20 ತೆಗೆದರೆ ಉಳಿಯುವುದು 234. ಮೈಕ್ರೋಸಾಫ್ಟ್‌ನ ಡಿಎಚ್‌ಸಿಪಿಯಲ್ಲಿ ಲೀಸ್ ಅವಧಿ, ಅಂದರೆ ಒಂದು ವಿಳಾಸ ಒಂದು ಯಂತ್ರದ ಹೆಸರಲ್ಲಿ ಇರುವ ಕಾಲ, ಬದಲಿಸದಿದ್ದರೆ 8 ದಿನ. ದಿನಕ್ಕೆ 60 ಹೊಸ ಫೋನ್ ಬಂದು ಹೋದರೂ ನಾಲ್ಕನೆಯ ದಿನ ಖಾಲಿ, ಫೋನ್ ಮನೆಗೆ ಹೋದರೂ ವಿಳಾಸ ಎಂಟು ದಿನ ಅದರ ಹೆಸರಲ್ಲೇ. ಜೊತೆಗೆ ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದೀಚೆ ಫೋನ್‌ಗಳು ಒಂದೊಂದು ವೈಫೈ ಹೆಸರಿಗೆ ಒಂದೊಂದು ಮ್ಯಾಕ್ ವಿಳಾಸ (ಯಂತ್ರದ ಗುರುತು ಸಂಖ್ಯೆ) ತೋರಿಸುತ್ತವೆ. ವಿದ್ಯಾರ್ಥಿಗಳಿಗೊಂದು, ಅತಿಥಿಗಳಿಗೊಂದು ಎಂದು ಎರಡು ಹೆಸರು ಕೊಟ್ಟು ಎರಡನ್ನೂ ಒಂದೇ ವಿಎಲ್ಯಾನ್‌ಗೆ (ನೆಟ್‌ವರ್ಕ್‌ನ ಒಂದು ಒಳವಿಭಾಗ) ಬಿಟ್ಟಿದ್ದರೆ ಒಂದೇ ಫೋನ್ ಎರಡು ವಿಳಾಸ ನುಂಗುತ್ತದೆ. ರೀಸ್ಟಾರ್ಟ್‌ನಿಂದ ಸರಿಹೋದಂತೆ ಕಂಡದ್ದು ಯಾಕೆ ಎಂಬುದಕ್ಕೂ ಉತ್ತರ ಬರೆಯಬೇಕು: ಅದು ಒಂದು ಲೀಸನ್ನೂ ಬಿಡಿಸಿಲ್ಲ, ಅಷ್ಟರಲ್ಲಿ ಯಾವುದೋ ಹಳೆಯ ಲೀಸ್ ಮುಗಿದು ಒಬ್ಬರಿಗೆ ಜಾಗ ಸಿಕ್ಕಿತು, ಇನ್ನೊಬ್ಬರು ಮೊಬೈಲ್ ಡೇಟಾಗೆ ಹೋಗಿಬಿಟ್ಟರು.

ಪರಿಹಾರ ಎರಡು ತುಂಡು. ಲೀಸನ್ನು 4 ಗಂಟೆಗೆ ಇಳಿಸುವುದು ಐದು ನಿಮಿಷದ ಕೆಲಸ, ಅದು ವರ್ಕ್‌ಅರೌಂಡ್. ಸ್ಕೋಪನ್ನು ಸ್ಲ್ಯಾಶ್ 22ಕ್ಕೆ ಹಿಗ್ಗಿಸಿ 1022 ವಿಳಾಸ ಮಾಡುವುದು ಶಾಶ್ವತ ಪರಿಹಾರ, ಆದರೆ ಮೈಕ್ರೋಸಾಫ್ಟ್‌ನಲ್ಲಿ ಇರುವ ಸ್ಕೋಪ್‌ನ ಸಬ್‌ನೆಟ್ ಮಾಸ್ಕ್ (ಅದರ ಗಾತ್ರ ಹೇಳುವ ಸಂಖ್ಯೆ) ತಿದ್ದಲು ಬರುವುದಿಲ್ಲ, ಅಳಿಸಿ ಹೊಸದಾಗಿ ಮಾಡಬೇಕು. ರೌಟರ್ ಕಡೆಯ ಮಾಸ್ಕ್ ಕೂಡ ಬದಲಾಗಬೇಕು. ಹಾಗಾಗಿ ಇದನ್ನು ಪ್ರಾಬ್ಲಮ್‌ನ ಚೇಂಜಸ್ ಟ್ಯಾಬ್‌ನಿಂದ ಒಂದು ಚೇಂಜ್ ಆಗಿ ತೆರೆದು, ಕೆಟ್ಟರೆ ಮೊದಲಿನ ಸ್ಥಿತಿಗೆ ಹಿಂದಕ್ಕೆ ತರುವ ಯೋಜನೆ ಬರೆದು, ರಜೆಯ ದಿನ ಮಾಡುವುದು ಸರಿ. ಟಿಕೆಟ್, ಪ್ರಾಬ್ಲಮ್, ಚೇಂಜ್ ಮೂರೂ ಒಂದಕ್ಕೊಂದು ಕೊಂಡಿಯಾಗಿ ನಿಲ್ಲುವ ಈ ಏರ್ಪಾಡು ಜಿಎಲ್‌ಪಿಐಯಲ್ಲಿ ಅಚ್ಚುಕಟ್ಟಾಗಿದೆ. ಆರು ತಿಂಗಳ ನಂತರ ಈ ಸ್ಕೋಪ್ ಯಾಕೆ ಹೀಗಿದೆ ಎಂದು ಹೊಸಬರು ಕೇಳಿದರೆ ಎರಡು ಕ್ಲಿಕ್ಕಿನಲ್ಲಿ ಉತ್ತರ.

ಸಾಲ್ವ್ಡ್ ಮಾಡುವ ಆತುರ ಬೇಡ. ಪ್ರಾಬ್ಲಮ್‌ಗೆಂದೇ ಅಂಡರ್ ಅಬ್ಸರ್ವೇಷನ್ (ನಿಗಾದಲ್ಲಿದೆ) ಎಂಬ ಸ್ಟೇಟಸ್ ಇದೆ, ಟಿಕೆಟ್‌ನಲ್ಲಿ ಅದು ಇಲ್ಲ. ಈ ಉದಾಹರಣೆಯಲ್ಲಿ ಅದರ ಬೆಲೆ ಗೊತ್ತಾಗುತ್ತದೆ: ಲೀಸ್ ಅವಧಿ ಇಳಿಸಿದರೂ ಮೊದಲೇ ಹಂಚಿದ ಲೀಸ್‌ಗಳು ತಮ್ಮ ಹಳೆಯ ಎಂಟು ದಿನ ಮುಗಿಯುವವರೆಗೆ ಕೂತಿರುತ್ತವೆ. ಬದಲಾವಣೆಯ ಮರುದಿನವೂ ನಾಲ್ಕು ದೂರು ಬಂದರೆ ಪರಿಹಾರ ಸೋತಿತು ಎಂದುಕೊಂಡು ಎಲ್ಲವನ್ನೂ ಹಿಂದಕ್ಕೆ ತಿರುಗಿಸಿದವರುಂಟು. ಕಡಿಮೆಯೆಂದರೆ ಎರಡು ವಾರ ಆ ಸ್ಟೇಟಸ್‌ನಲ್ಲಿಡಿ, ಮೇಲೆ ಹೇಳಿದ ಅಲರ್ಟ್ ಸುಮ್ಮನಿದೆಯೇ ನೋಡಿ. ಆಮೇಲೆ ಪ್ರಾಬ್ಲಮ್‌ನ ಟಿಕೆಟ್ಸ್ ಟ್ಯಾಬ್‌ನಲ್ಲಿ ಎಲ್ಲವನ್ನೂ ಟಿಕ್ ಮಾಡಿ ಸಾಲ್ವ್ ಟಿಕೆಟ್ಸ್ ಒತ್ತಿದರೆ ಒಂದೇ ಉತ್ತರ ಎಲ್ಲ ಟಿಕೆಟ್‌ಗೂ ಹೋಗುತ್ತದೆ. ಇದನ್ನು ಕೈಯಾರೆ ಮಾಡಲೇಬೇಕು. ಪ್ರಾಬ್ಲಮ್ ಸಾಲ್ವ್ ಆದ ಮಾತ್ರಕ್ಕೆ ಟಿಕೆಟ್ ಸಾಲ್ವ್ ಆಗುವುದಿಲ್ಲ. ಪ್ರಾಬ್ಲಮ್‌ನ ಮೇಲ್‌ಗಳು ಅದರಲ್ಲಿ ಹೆಸರಿಸಿದವರಿಗೆ ಮಾತ್ರ ಹೋಗುತ್ತವೆ, ಟಿಕೆಟ್ ಹಾಕಿದ ಪ್ರಾಧ್ಯಾಪಕರಿಗೆ ಅಲ್ಲ. ಟಿಕೆಟ್‌ಗಳು ಸಾಲ್ವ್ ಆಗಿ ಇಷ್ಟು ದಿನಕ್ಕೆ ತಾವೇ ಕ್ಲೋಸ್ ಆಗುತ್ತವಲ್ಲ, ಅಂಥ ವ್ಯವಸ್ಥೆಯೂ ಪ್ರಾಬ್ಲಮ್‌ಗೆ ಇಲ್ಲ.

ಅನಾಲಿಸಿಸ್ ಟ್ಯಾಬ್ ಬಗ್ಗೆ ನಮ್ಮ ತಕರಾರಿದೆ. ಇಂಪ್ಯಾಕ್ಟ್ಸ್, ಕಾಸಸ್, ಸಿಂಪ್ಟಮ್ಸ್ ಎಂದು ಮೂರು ದೊಡ್ಡ ಖಾಲಿ ಪೆಟ್ಟಿಗೆ, ಅಷ್ಟೇ. ವರ್ಕ್‌ಅರೌಂಡ್‌ಗೆ ಜಾಗ ಇಲ್ಲ. ಕಾರಣ ಗೊತ್ತಾಗಿದೆ, ಪರಿಹಾರಕ್ಕೆ ಹಣವಿಲ್ಲ ಎಂಬ ನೋನ್ ಎರರ್ ಸ್ಥಿತಿಗೆ ಗುರುತಿಲ್ಲ. ಐದು ಸಲ ಯಾಕೆ ಎಂದು ಕೇಳುವ ಪದ್ಧತಿಗೋ ಕಾರಣಗಳನ್ನು ಕವಲು ಕವಲಾಗಿ ಬರೆಯುವ ಮೀನಿನ ಮೂಳೆಯ ಚಿತ್ರಕ್ಕೋ ಸಹಾಯವಿಲ್ಲ, ಅದೇನು ದೊಡ್ಡ ಕೊರತೆಯಲ್ಲ, ಕಾಗದದ ಮೇಲೆ ಮಾಡಿ ಫೋಟೊ ಅಂಟಿಸಬಹುದು. ಎಸ್‌ಎಲ್‌ಎ (ಇಷ್ಟು ಹೊತ್ತಿನೊಳಗೆ ಬಗೆಹರಿಸುತ್ತೇವೆ ಎಂಬ ಸೇವಾ ಒಪ್ಪಂದ) ಕೂಡ ಟಿಕೆಟ್‌ಗೆ ಮಾತ್ರ ಅನ್ವಯ, ಪ್ರಾಬ್ಲಮ್‌ಗೆ ಗಡುವು ಎಂದರೆ ಕೈಯಿಂದ ಹಾಕುವ ಒಂದು ದಿನಾಂಕ.

ಈ ಕೊರತೆಯನ್ನು ಫೀಲ್ಡ್ಸ್ ಎಂಬ ಪ್ಲಗಿನ್ ತುಂಬುತ್ತದೆ. ಅದನ್ನು ಹಾಕಿ ಪ್ರಾಬ್ಲಮ್‌ಗೆ ನಾಲ್ಕು ಅಂಕಣ ಸೇರಿಸಿ: ವರ್ಕ್‌ಅರೌಂಡ್, ನೋನ್ ಎರರ್ ಹೌದೋ ಇಲ್ಲವೋ, ಕಾರಣ ಖಚಿತವೋ ಅನುಮಾನವೋ, ಮುಂದಿನ ಪರಿಶೀಲನೆಯ ದಿನಾಂಕ. ಮೂರನೆಯದನ್ನು ಬಿಡಬೇಡಿ. ಅನುಮಾನವನ್ನು ಖಚಿತ ಎಂಬಂತೆ ಬರೆದ ಕಾರಣದಿಂದಲೇ ತಪ್ಪು ಬಿಡಿಭಾಗ ಕೊಂಡು ಹಣ ಕಳೆಯುವುದು. ಕಾರಣದ ಜಾಗದಲ್ಲಿ 'ಸಿಬ್ಬಂದಿಯ ತಪ್ಪು' ಎಂದಷ್ಟೇ ಇದ್ದರೆ ಅದನ್ನು ವಾಪಸ್ ಕಳಿಸಿ. ಆ ತಪ್ಪು ಮಾಡಲು ವ್ಯವಸ್ಥೆ ಯಾಕೆ ಬಿಟ್ಟಿತು ಎಂಬುದು ಬೇಕು. ಪರಿಶೀಲನೆಯ ದಿನಾಂಕ ಕಳೆದ ಪ್ರಾಬ್ಲಮ್‌ಗಳಿಗೆ ಒಂದು ಸೇವ್ಡ್ ಸರ್ಚ್ ಇಟ್ಟುಕೊಂಡರೆ ವಾರದ ಸಭೆಯ ಅಜೆಂಡಾ ಅದೇ. ಏಕಕಾಲಕ್ಕೆ ಹತ್ತಕ್ಕಿಂತ ಹೆಚ್ಚು ಪ್ರಾಬ್ಲಮ್ ತೆರೆದಿಡುವುದು ಸಣ್ಣ ತಂಡಕ್ಕೆ ಆಗದ ಮಾತು.

ಪರಿಹಾರದ ಲೇಖನಗಳನ್ನು ಇಡುವ ನಾಲೆಡ್ಜ್ ಬೇಸ್ ಚೆನ್ನಾಗಿದೆ, ಒಂದು ಮುಳ್ಳು ಮಾತ್ರ. ವರ್ಕ್‌ಅರೌಂಡನ್ನು ಲೇಖನವಾಗಿ ಬರೆದು ಸೇವ್ ಮಾಡಿದ ಕೂಡಲೇ ಎಲ್ಲರಿಗೂ ಕಾಣುವುದಿಲ್ಲ. ಟಾರ್ಗೆಟ್ಸ್‌ನಲ್ಲಿ ಯಾವ ಗುಂಪು, ಪ್ರೊಫೈಲ್ ಅಥವಾ ಎಂಟಿಟಿಗೆ (ಸಂಸ್ಥೆಯ ಶಾಖೆ ಅಥವಾ ವಿಭಾಗ) ಎಂದು ಸೇರಿಸುವವರೆಗೆ ಅದು ಅನ್‌ಪಬ್ಲಿಷ್ಡ್. ಬರೆದವರಿಗೆ ಕಾಣುತ್ತಿರುವುದರಿಂದ ಅವರು ಆಗಿದೆ ಎಂದುಕೊಂಡಿರುತ್ತಾರೆ. ರಾತ್ರಿ ಪಾಳಿಯವರಿಗೆ ಅದು ಇರುವುದೇ ಗೊತ್ತಿರುವುದಿಲ್ಲ. ಟಿಕೆಟ್ ಕ್ಯಾಟಗರಿಗೆ ನಾಲೆಡ್ಜ್ ಬೇಸ್‌ನ ಕ್ಯಾಟಗರಿಯನ್ನು ಜೋಡಿಸುವ ಅಂಕಣವೂ ಇದೆ, ತುಂಬಿಡಿ.

ಇಂಪ್ಯಾಕ್ಟ್ ಅನಾಲಿಸಿಸ್‌ನ ರೇಖಾಚಿತ್ರ ನೋಡಲು ಚಂದ. ಯಾವ ಸರ್ವರ್ ಯಾವುದರ ಮೇಲೆ ನಿಂತಿದೆ ಎಂಬ ಗೆರೆಗಳನ್ನು ನೀವೇ ಎಳೆಯಬೇಕು, ಯಾರೂ ಎಳೆಯುವುದಿಲ್ಲ.

ಹೋಲಿಕೆ ಕೇಳುವವರಿಗೆ ಚುಟುಕಾಗಿ: ಇದೇ ಕೆಲಸದ ದುಬಾರಿ ತಂತ್ರಾಂಶ ಸರ್ವಿಸ್‌ನೌನಲ್ಲಿ ರೂಟ್ ಕಾಸ್ ಅನಾಲಿಸಿಸ್, ಫಿಕ್ಸ್ ಇನ್ ಪ್ರೋಗ್ರೆಸ್ ಎಂದು ಹಂತಗಳೇ ಬೇರೆ ಬೇರೆ, ನೋನ್ ಎರರ್‌ಗೆ ಗುರುತಿದೆ, ಒಂದು ಗುಂಡಿ ಒತ್ತಿದರೆ ವರ್ಕ್‌ಅರೌಂಡ್ ಎಲ್ಲ ಇನ್ಸಿಡೆಂಟ್‌ಗೂ ಹೋಗುತ್ತದೆ. ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ಅದನ್ನು ಬಳಸಿ ಬಂದವರಿಗೆ ಜಿಎಲ್‌ಪಿಐ ಬರಿಗೈ ಅನ್ನಿಸೀತು. ಆದರೆ ಮುನ್ನೂರು ಕಂಪ್ಯೂಟರ್‌ಗಳ ಸಂಸ್ಥೆಗೆ ಆ ಮಟ್ಟದ ಖರ್ಚು ಸಮರ್ಥಿಸುವುದು ಕಷ್ಟ, ಅಲ್ಲಿ ಮೇಲಿನ ನಾಲ್ಕು ಅಂಕಣ ಮತ್ತು ಹತ್ತು ಅಲರ್ಟ್ ಸಾಕಾಗುತ್ತದೆ.

ಹಾಕುವಾಗ ಮರೆಯಬಾರದ್ದು ಕೆಲವು. ಜಿಎಲ್‌ಪಿಐ, ಟೆಕ್, ನಾರ್ಮಲ್, ಪೋಸ್ಟ್-ಓನ್ಲಿ ಎಂಬ ನಾಲ್ಕು ಖಾತೆಗಳು ಎಲ್ಲರಿಗೂ ಗೊತ್ತಿರುವ ಪಾಸ್‌ವರ್ಡ್‌ನೊಂದಿಗೆ ಬರುತ್ತವೆ, ಮೊದಲ ದಿನವೇ ಬದಲಿಸಿ ಅಥವಾ ತೆಗೆಯಿರಿ. ವೆಬ್ ಸರ್ವರ್‌ನ ರೂಟ್ (ಹೊರಗಿನವರಿಗೆ ಕಾಣುವ ಫೋಲ್ಡರ್) ಆಗಿ ಜಿಎಲ್‌ಪಿಐಯ ಪಬ್ಲಿಕ್ ಫೋಲ್ಡರ್ ಒಂದನ್ನೇ ಕೊಡಿ. 2022ರಲ್ಲಿ 10.0.2ರವರೆಗಿನ ಆವೃತ್ತಿಗಳಲ್ಲಿ, ಒಳಗಿದ್ದ ಲೈಬ್ರರಿಯ ಒಂದು ಪರೀಕ್ಷಾ ಕಡತದ ಮೂಲಕ ಹೊರಗಿನವರು ಸರ್ವರ್‌ನಲ್ಲಿ ಆಜ್ಞೆ ಓಡಿಸಬಹುದಾದ ದೋಷ ಸಿಕ್ಕಿತ್ತು, 10.0.3ರಲ್ಲಿ ಸರಿಮಾಡಿದರು, ಆದ್ದರಿಂದ ಹಳೆಯ ಆವೃತ್ತಿಯನ್ನು ಇಂಟರ್ನೆಟ್‌ಗೆ ತೆರೆದಿಡುವ ಮಾತೇ ಬೇಡ. ಆವೃತ್ತಿ 11ಕ್ಕೆ ಹೋಗುವವರು ಸರ್ವರ್‌ನಲ್ಲಿ ಪಿಎಚ್‌ಪಿ 8.2 ಅಥವಾ ಮೇಲಿನದು ಇದೆಯೇ, ಫೀಲ್ಡ್ಸ್ ಪ್ಲಗಿನ್‌ನ ಹೊಂದುವ ಆವೃತ್ತಿ ಸಿಕ್ಕಿದೆಯೇ ನೋಡಿಕೊಂಡು, ಡೇಟಾಬೇಸ್ ಮತ್ತು ಫೈಲ್ಸ್ ಫೋಲ್ಡರ್ ಎರಡರ ಬ್ಯಾಕಪ್ ತೆಗೆದು, ಮೊದಲು ಬೇರೊಂದು ಯಂತ್ರದಲ್ಲಿ ಓಡಿಸಿ ನೋಡಿ.